ಹೆಬೆಯ್ ಹಳ್ಳಿಯ ಮದುವೆಗೆ ಮುಯ್ಯಿ ಎಷ್ಟು ಹಾಕಬೇಕು?

ತಿಪಟೂರಿನಿಂದ ತಿಯಾಂಜಿನ್‌ಗೆ

ಎಲ್ಲರಿಗೂ ನಮಸ್ಕಾರ. ಚೀನಾದ ತಿಯಾಂಜಿನ್‌ನಲ್ಲಿ ಆರು ವರ್ಷಗಳಿಂದ ಇದ್ದೇನೆ, ಪಂಪುಗಳ ವ್ಯಾಪಾರ. ಇಲ್ಲಿನ ಸಹೋದ್ಯೋಗಿಯ ತಮ್ಮನಿಗೆ ಮುಂದಿನ ತಿಂಗಳು ಮದುವೆ. ಊರು ಹೆಬೆಯ್ ಪ್ರಾಂತದಲ್ಲಿ, ಬಾವೋಡಿಂಗ್‌ನಿಂದ ಪಶ್ಚಿಮಕ್ಕೆ ಹೋದರೆ ತೈಹಾಂಗ್ ಬೆಟ್ಟಗಳ ಬುಡದಲ್ಲಿದೆ. ಆ ಮನೆಗೆ ಈಗಾಗಲೇ ಮೂರು ಸಲ ಹೋಗಿದ್ದೇನೆ. ಮೊದಲ ಸಲ ಹೋದದ್ದು ಅವರ ಹೊಸ ವರ್ಷಕ್ಕೆ. ರಾತ್ರಿ ಕಾಂಗ್ ಮೇಲೆ ಮಲಗಿಸಿದರು. ಕಾಂಗ್ ಎಂದರೆ ಇಟ್ಟಿಗೆಯ ಜಗಲಿ, ಅಡುಗೆ ಒಲೆಯ ಹೊಗೆ ಅದರ ಹೊಟ್ಟೆಯೊಳಗೆ ಹಾದು ಆಚೆ ಹೋಗುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಳಗೆ ನಾನು ಕಾವಲಿಯ ಮೇಲಿನ ದೋಸೆ. ಒಂದು ಮಗ್ಗುಲು ಬೆಂದಿತು ಎನಿಸಿದಾಗ ನಾನೇ ತಿರುವಿಕೊಳ್ಳುತ್ತಿದ್ದೆ.

ಬೆಳಿಗ್ಗೆ ಅಂಗಳಕ್ಕೆ ಬಂದವರೆಲ್ಲ ಕೇಳಿದ್ದು ಮೂರೇ ಪ್ರಶ್ನೆ: ವಯಸ್ಸೆಷ್ಟು, ಸಂಬಳವೆಷ್ಟು, ಮದುವೆ ಏಕೆ ಆಗಿಲ್ಲ. ನಮ್ಮೂರಿನ ಅರಳಿಕಟ್ಟೆಯ ಮೇಲೆ ಕೂತಂತಾಯಿತು. ದಾರಿಯಲ್ಲಿ ಎದುರಾದವರು ‘ಚಿ ಲ ಮಾ’ ಎನ್ನುತ್ತಾರೆ, ಊಟವಾಯಿತೇ ಎಂದು. ಇದಕ್ಕಿಂತ ಕನ್ನಡದ ಮಾತು ಇನ್ನೊಂದಿದೆಯೇ?

ಈಗ ವಿಷಯಕ್ಕೆ ಬರುತ್ತೇನೆ. ಮದುವೆಗೆ ಮುಯ್ಯಿ ಎಷ್ಟು ಹಾಕಲಿ ಎಂದು ಸಹೋದ್ಯೋಗಿಯನ್ನು ಕೇಳಿದೆ. ‘ನೀನು ವಿದೇಶಿಗ, ಏನೂ ಬೇಡ, ಬಂದರೆ ಸಾಕು’ ಎಂದ. ಉಪಚಾರದ ಮಾತೋ, ನಿಜವೋ ತಿಳಿಯಲಿಲ್ಲ. ಮನಸ್ಸಿಗೆ ಸ್ವಲ್ಪ ಚುಚ್ಚಿತು ಕೂಡ. ಹಳ್ಳಿಯ ಮದುವೆಗೆ ಹೋಗಿ ಬಂದವರು ದಯವಿಟ್ಟು ಹೇಳಿ.

ಯಿವು ವ್ಯಾಪಾರಿ

ಖಂಡಿತ ಹಾಕಿ. ಕೆಂಪು ಲಕೋಟೆ, ಹೊಸ ನೋಟುಗಳು, ಎರಡೂ ಕೈಯಿಂದ ಕೊಡಬೇಕು. ಸಮಸಂಖ್ಯೆ ಇರಲಿ. 4 ಬೇಡವೇ ಬೇಡ, ಅವರ ಉಚ್ಚಾರಣೆಯಲ್ಲಿ ‘ಸಾವು’ ಎಂಬ ಪದಕ್ಕೆ ಹತ್ತಿರ. 250 ಕೂಡ ಬೇಡ, ಅಲ್ಲಿ 250 ಎಂದರೆ ಪೆದ್ದ ಎಂಬ ಬೈಗುಳ. 6 ಮತ್ತು 8 ಒಳ್ಳೆಯವು. ಅವರ ವೀಚಾಟ್ ಆ್ಯಪ್‌ನ ಲಕೋಟೆಯಲ್ಲಿ ಕಳಿಸೋಣ ಎಂದುಕೊಂಡರೆ ಒಂದು ಲಕೋಟೆಗೆ 200 ಯುವಾನ್ ಮಿತಿ ಇದೆ, ಆದ್ದರಿಂದ ನಗದೇ ಸರಿ.

ಬಸವನಗುಡಿ ಬಾಲು

ಸುಮ್ಮನೆ 501 ಹಾಕಿ ಸ್ವಾಮಿ. ಆ ಒಂದು ರೂಪಾಯಿ ಶುಭ.

ಯಿವು ವ್ಯಾಪಾರಿ

ಬಾಲು ಅವರೇ, ಆ ಬಡಪಾಯಿಯನ್ನು ಊರಿನಿಂದ ಓಡಿಸಬೇಕೆಂದಿದ್ದೀರಾ? ಚೀನಾದ ಅನೇಕ ಕಡೆ ಬೆಸಸಂಖ್ಯೆ ಹಾಕುವುದು ಸಾವಿನ ಮನೆಗೆ. ಬಿಳಿ ಲಕೋಟೆಯಲ್ಲಿ 101, 301, 501. ಈ ಕಷ್ಟ ಜೋಡಿಯಾಗಿ ಬಾರದಿರಲಿ, ಇಲ್ಲಿಗೇ ನಿಲ್ಲಲಿ ಎಂದು ಅದರ ಅರ್ಥ.

ಬಸವನಗುಡಿ ಬಾಲು

ಅಯ್ಯೋ ರಾಮ. ನಮ್ಮಲ್ಲಿ ಒಂದು ಸೇರಿಸುವುದೇ ಲೆಕ್ಕ ಅಲ್ಲಿಗೇ ಮುಗಿಯದಿರಲಿ, ಸಂಬಂಧ ಮುಂದುವರಿಯಲಿ ಎಂದು. ಪೂರ್ತಿ ಉಲ್ಟಾ ಆಯಿತಲ್ಲ.

ಕಾಫಿ ತೋಟದ ಅಕ್ಕ

ಗಡಿಯಾರ ಕೊಡಬೇಡಿ. ಛತ್ರಿಯನ್ನೂ. ಉಡುಗೊರೆ ಎಂದು ಗೋಡೆ ಗಡಿಯಾರ ಕೊಟ್ಟು ನನ್ನ ಭಾವ ಇಂದಿಗೂ ಅನುಭವಿಸುತ್ತಿದ್ದಾರೆ. ‘ಗಡಿಯಾರ ಕೊಡುವುದು’ ಎಂಬ ಮಾತು ಅವರ ಕಿವಿಗೆ ‘ಅಂತ್ಯಕ್ರಿಯೆ ಮಾಡಿಸುವುದು’ ಎಂದೇ ಕೇಳುತ್ತದಂತೆ.

ಹಳೆಯ ಗುಮಾಸ್ತ

ಲೆಕ್ಕದ ಮಾತು ಆಯಿತು. ನಿಮಗೆ ಚುಚ್ಚಿದ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಉಪಚಾರವಲ್ಲ, ನಿಜ. ಹಳ್ಳಿಯಲ್ಲಿ ಮುಯ್ಯಿ ಎಂದರೆ ದಾನವಲ್ಲ, ಸಾಲ. ಯಾರಿಗೆ ತೀರಿಸುವ ಅವಕಾಶವಿಲ್ಲವೋ ಅವನಿಂದ ಯಾರೂ ಸಾಲ ತೆಗೆದುಕೊಳ್ಳುವುದಿಲ್ಲ. ನೀವು ಎಷ್ಟು ಸಲ ಅವರ ಕಾಂಗ್ ಮೇಲೆ ಹೊರಳಾಡಿದರೂ ಅತಿಥಿಯೇ.

ಜೋಸೆಫ್ ರಾಕ್ ಕಥೆ ಗೊತ್ತಲ್ಲ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ಸಸ್ಯಶಾಸ್ತ್ರಜ್ಞ. 1922ರಲ್ಲಿ ನೈಋತ್ಯ ಚೀನಾದ ಯುನ್ನಾನ್ ಪ್ರಾಂತದ ಲಿಜಿಯಾಂಗ್‌ಗೆ ಬಂದು, ನಡುವೆ ಹೋಗಿ ಬರುತ್ತಾ 1949ರವರೆಗೂ ಅಲ್ಲೇ ನೆಲೆ. ಹಿಮಪರ್ವತದ ಬುಡದ ನಾಶಿ ಜನರ ಹಳ್ಳಿಯಲ್ಲಿ ಮನೆ. ಪ್ರವಾಸಕ್ಕೆ ಹೊರಟರೆ ಮಡಚುವ ಸ್ನಾನದ ತೊಟ್ಟಿಯನ್ನು ಆಳುಗಳು ಹೊರಬೇಕು. ಕಾಡಿನ ನಡುವೆ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಅಡುಗೆಯವನಿಗೆ ಆಸ್ಟ್ರಿಯಾದ ತಿನಿಸುಗಳ ತರಬೇತಿ. 27 ವರ್ಷ! ಊರು ಅವನೊಳಗೆ ಬರಲಿಲ್ಲ, ಅವನು ಊರೊಳಗೆ ಹೋಗಲಿಲ್ಲ.

ಕುನ್ಮಿಂಗ್ ಕಮಲಿ

ಗುಮಾಸ್ತರೇ, ತೊಟ್ಟಿಯನ್ನು ಹಿಡಿದುಕೊಂಡು ಮನುಷ್ಯನನ್ನೇ ಚೆಲ್ಲಿಬಿಟ್ಟಿರಿ. ರಾಕ್ ದರ್ಪದ ಮನುಷ್ಯ, ಒಪ್ಪುತ್ತೇನೆ. ಆದರೆ ನಾಶಿ ಪುರೋಹಿತರ ಚಿತ್ರಲಿಪಿಯ ಹಸ್ತಪ್ರತಿಗಳನ್ನು ಒಂದೊಂದಾಗಿ ಕೂಡಿಸಿ, ದೋಂಗ್ಬಾ ಎಂಬ ಆ ಪುರೋಹಿತರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಬರೆದುಕೊಂಡವನು ಅವನೇ. 1944ರಲ್ಲಿ ಅವನ ಬರಹಗಳನ್ನು ಸಾಗಿಸುತ್ತಿದ್ದ ಹಡಗು ಟಾರ್ಪೆಡೊ ಹೊಡೆತಕ್ಕೆ ಮುಳುಗಿತು. ವರ್ಷಗಟ್ಟಲೆ ಮಾಡಿದ ಕೆಲಸ ನೀರುಪಾಲು. ಮತ್ತೆ ಲಿಜಿಯಾಂಗ್‌ಗೆ ಹೋಗಿ ಮೊದಲಿನಿಂದ ಶುರು ಮಾಡಿದ. 1962ರಲ್ಲಿ ತೀರಿಕೊಂಡ ಮೇಲೆ ಅವನ ನಾಶಿ ನಿಘಂಟು ರೋಮ್‌ನಲ್ಲಿ ಅಚ್ಚಾಯಿತು. ಅತಿಥಿಯಾಗಿದ್ದೂ ಊರಿನ ಋಣ ತೀರಿಸಬಹುದು.

ನಾನು ಯುನ್ನಾನ್‌ನಲ್ಲೇ ಓದಿದವಳು, ಅದಕ್ಕೇ ಇಷ್ಟು ಕೋಪ. ಹಾಗೆಯೇ ಸಸ್ಯಾಹಾರಿಗಳಿಗೊಂದು ಗುಟ್ಟು: ಯುನ್ನಾನ್ ಹಳ್ಳಿಗಳಲ್ಲಿ ‘ರುಬಿಂಗ್’ ಎಂಬ ಮೇಕೆ ಹಾಲಿನ ಗಿಣ್ಣು ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ತಿಂದರೆ ಪನೀರ್.

ಹಳೆಯ ಗುಮಾಸ್ತ

ನಿಘಂಟು ಬರೆದವರೆಲ್ಲ ಊರಿನವರಾಗುವುದಿದ್ದರೆ ಕಿಟ್ಟೆಲ್ ಅವರಿಗೆ ಧಾರವಾಡದಲ್ಲಿ ಮುಯ್ಯಿ ಹಾಕಬೇಕಿತ್ತು.

ಕುನ್ಮಿಂಗ್ ಕಮಲಿ

ಬೆಂಗಳೂರಿನಲ್ಲಿ ಪ್ರತಿಮೆ ನಿಲ್ಲಿಸಿದ್ದೇವಲ್ಲ, ಅದು ಮುಯ್ಯಿಯಲ್ಲದೆ ಮತ್ತೇನು?

ಸೊಲ್ಲಾಪುರದ ಸೊಸೆ

ನೀವು ಹೋಗುವ ಊರು ಬಾವೋಡಿಂಗ್‌ನ ಪಶ್ಚಿಮಕ್ಕೆ ಎಂದಿರಿ. ಅಲ್ಲೇ ಹತ್ತಿರದಲ್ಲಿ ತಾಂಗ್‌ಶಿಯಾನ್ ಇದೆ, ‘ಶಿಯಾನ್’ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು. ಇಷ್ಟು ಹೊತ್ತಾದರೂ ಯಾರೂ ಡಾ. ಕೋಟ್ನಿಸ್ ಹೆಸರು ಎತ್ತದಿರುವುದು ಆಶ್ಚರ್ಯ.

ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ಸೊಲ್ಲಾಪುರದಲ್ಲಿ. ಜಪಾನ್ ಚೀನಾದ ಮೇಲೆ ಬಿದ್ದಾಗ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐದು ಜನ ವೈದ್ಯರಲ್ಲಿ ಒಬ್ಬರು. ಉಳಿದ ನಾಲ್ವರು ಒಬ್ಬೊಬ್ಬರಾಗಿ ಹಿಂದಿರುಗಿದರು, ಇವರು ಉಳಿದರು. ಕೆನಡಾದ ಡಾ. ಬೆಥೂನ್ 1939ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಬೆರಳಿಗೆ ಗಾಯವಾಗಿ ನಂಜೇರಿ ತೀರಿಕೊಂಡದ್ದೂ ಇದೇ ತಾಂಗ್‌ಶಿಯಾನ್‌ನ ಹಳ್ಳಿಯಲ್ಲಿ. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದವರು ಕೋಟ್ನಿಸ್. ಆಸ್ಪತ್ರೆ ಎಂದರೆ ಕಟ್ಟಡ ಎಂದುಕೊಳ್ಳಬೇಡಿ. ಜಪಾನಿ ಸೇನೆ ಬಂದರೆ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಹತ್ತಬೇಕು, ಹೋದಲ್ಲಿ ಹಳ್ಳಿಯವರ ಮನೆಯೇ ವಾರ್ಡು. ಚೀನೀ ಭಾಷೆಯನ್ನು ಮಾತನಾಡುವಷ್ಟೇ ಅಲ್ಲ, ಪಾಠ ಮಾಡುವಷ್ಟು ಕಲಿತರು. ದಾದಿಯಾಗಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರಲ್ಲಿ ಮಗ ಹುಟ್ಟಿದ, ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಕೂಸಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 9ರಂದು ಅಪಸ್ಮಾರದಿಂದ ತಂದೆ ಹೋದರು. 32 ವರ್ಷ ಅಷ್ಟೇ.

ಗುಮಾಸ್ತರೇ, ಇವರು ಅತಿಥಿಯೇ?

ತಿಪಟೂರಿನಿಂದ ತಿಯಾಂಜಿನ್‌ಗೆ

ತಡೆಯಿರಿ, ತಡೆಯಿರಿ. ಅವರ ಚೀನೀ ಹೆಸರೇನು?

ಸೊಲ್ಲಾಪುರದ ಸೊಸೆ

ಕೆ ದಿಹುವಾ.

ತಿಪಟೂರಿನಿಂದ ತಿಯಾಂಜಿನ್‌ಗೆ

ಮೊದಲ ದಿನ ಆ ಮನೆಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಯಿಂದು? ಕೆ ದಿಹುವಾ!’ ಎಂದು ಕೈ ಹಿಡಿದುಕೊಂಡರು. ಅದು ಯಾವುದೋ ತಿಂಡಿಯ ಹೆಸರು ಎಂದುಕೊಂಡು ‘ಬೇಡ ಅಜ್ಜಿ, ಹೊಟ್ಟೆ ತುಂಬಿದೆ’ ಎಂದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ನೆಲ ಬಾಯಿ ಬಿಡಬಾರದೇ ಎನಿಸುತ್ತಿದೆ.

ಕಾಫಿ ತೋಟದ ಅಕ್ಕ

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕ್ಷಮಿಸಿ ತಮ್ಮ.

ಗಡಿನಾಡು ಕನ್ನಡಿಗ

ಸೊಲ್ಲಾಪುರ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ಅದು ಸಿದ್ಧರಾಮನ ಸೊನ್ನಲಿಗೆ. ಆ ಲೆಕ್ಕದಲ್ಲಿ ಕೋಟ್ನಿಸ್ ನಮ್ಮವರೇ.

ಸೊಲ್ಲಾಪುರದ ಸೊಸೆ

ನಮ್ಮ ಬೀದಿಯಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಕೇಳುತ್ತವೆ. ಕೋಟ್ನಿಸ್ ಮನೆಮಾತು ಮರಾಠಿ. ಚೀನಾದವರೇ ತಮ್ಮವರು ಎಂದುಕೊಂಡಿರುವಾಗ ನಾವು ಮತ್ತೆ ಗಡಿ ಗೆರೆ ಎಳೆಯುವುದೇ?

ಗಡಿನಾಡು ಕನ್ನಡಿಗ

ಗೆರೆ ಎಳೆದವರು ನಾವಲ್ಲ. ಮಹಾಜನ ವರದಿಯನ್ನು ಒಮ್ಮೆ...

ನಿರ್ವಾಹಕ

ಮಹಾಜನ ವರದಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಲಕೋಟೆಯ ವಿಷಯ ನಡೆಯುತ್ತಿದೆ.

ತಿಪಟೂರಿನಿಂದ ತಿಯಾಂಜಿನ್‌ಗೆ

ಧನ್ಯವಾದ. ಎಷ್ಟು ಹಾಕಲಿ ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಸಿರಿಧಾನ್ಯ ಸಿದ್ದಣ್ಣ

ಉತ್ತರ ನನಗೆ ಗೊತ್ತಿಲ್ಲ. ಆ ಕಡೆ ಬೆಳಿಗ್ಗೆ ಹಳದಿ ಗಂಜಿ ಕೊಡುತ್ತಾರಲ್ಲ, ಅದೇನು?

ತಿಪಟೂರಿನಿಂದ ತಿಯಾಂಜಿನ್‌ಗೆ

ಶಿಯಾವೊಮಿ ಗಂಜಿ. ಹೌದು, ಫೋನಿನ ಹೆಸರೇ. ಉಪ್ಪೂ ಇಲ್ಲ, ಬೆಲ್ಲವೂ ಇಲ್ಲ. ಮೊದಲು ಸಪ್ಪೆ ಎನಿಸಿತು, ಈಗ ಇಲ್ಲದಿದ್ದರೆ ಆಗದು.

ಸಿರಿಧಾನ್ಯ ಸಿದ್ದಣ್ಣ

ಅದು ನಮ್ಮ ನವಣೆ! ಶಿಯಾವೊಮಿ ಎಂದರೆ ‘ಪುಟ್ಟ ಅಕ್ಕಿ’, ಧಾನ್ಯ ನವಣೆಯೇ. ಉತ್ತರ ಚೀನಾದ ಒಣಭೂಮಿಯ ಮೂಲ ಆಹಾರ. ಹೆಬೆಯ್‌ನ ಸಿಶಾನ್ ಎಂಬಲ್ಲಿ ಅಗೆದಾಗ ಸುಮಾರು 8,000 ವರ್ಷ ಹಿಂದಿನ ಧಾನ್ಯದ ಹಗೇವುಗಳು ಸಿಕ್ಕಿವೆ. ಹಗೇವು ಎಂದರೆ ನೆಲದಡಿ ಧಾನ್ಯ ಇಡುವ ಗುಂಡಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅಜ್ಜನನ್ನು ಕೇಳಿ. ಕೋಟ್ನಿಸ್ ಇದ್ದ ಕಾಲದಲ್ಲಿ ಆ ಬೆಟ್ಟಗಳ ಸೈನಿಕರು ಉಂಡದ್ದೂ ಇದನ್ನೇ. ‘ನವಣೆ ಮತ್ತು ಬಂದೂಕು’ ಎಂಬುದು ಮಾವೊನದೇ ಮಾತು. ನಮ್ಮಲ್ಲಿ ಬಡವರ ಕೂಳು ಎಂದು ಬಿಟ್ಟು, ಈಗ ಸಕ್ಕರೆ ಕಾಯಿಲೆ ಬಂದ ಮೇಲೆ ದುಬಾರಿ ಬೆಲೆ ಕೊಟ್ಟು ತರುತ್ತಿದ್ದೇವೆ. ಅಲ್ಲಿ ಬಾಣಂತಿಗೆ ಅದೇ ಪಥ್ಯ.

ನಿವೃತ್ತ ಮೇಷ್ಟರು

ಗುಮಾಸ್ತರ ವಾದ ನನಗೆ ಅರ್ಧ ಒಪ್ಪಿಗೆ. ಅವಧಿಯಿಂದ ಯಾರೂ ಊರಿನವರಾಗುವುದಿಲ್ಲ. ಇನ್ನರ್ಧಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಾರ್ಜ್ ಹಾಗ್ ಎಂಬ ಇಂಗ್ಲಿಷ್ ಹುಡುಗ ಆಕ್ಸ್‌ಫರ್ಡ್‌ನಲ್ಲಿ ಓದು ಮುಗಿಸಿ ಊರು ಸುತ್ತಲು ಹೊರಟವನು 1938ರಲ್ಲಿ ಚೀನಾ ತಲುಪಿ ಅಲ್ಲೇ ಸಿಕ್ಕಿಕೊಂಡ. ಶುವಾಂಗ್‌ಶಿಪು ಎಂಬಲ್ಲಿ ಅನಾಥ, ನಿರಾಶ್ರಿತ ಹುಡುಗರ ಕೈಕಸುಬಿನ ಶಾಲೆಗೆ ಮುಖ್ಯೋಪಾಧ್ಯಾಯನಾದ. ಅವನಿಗಿಂತ ಮೊದಲು ಬಂದ ಮುಖ್ಯೋಪಾಧ್ಯಾಯರು ಒಬ್ಬರಾದ ಮೇಲೊಬ್ಬರು ಬಿಟ್ಟು ಹೋಗಿದ್ದರು. ಇವನು ಹುಡುಗರ ಕಜ್ಜಿ ತೊಳೆದ, ಹಾಡು ಕಲಿಸಿದ, ನಾಲ್ವರು ಸೋದರರನ್ನು ತಾನೇ ಸಾಕಿಕೊಂಡ. ಯುದ್ಧ ಹತ್ತಿರವಾದಾಗ, 1944ರ ಕೊನೆಯಿಂದ ಚಳಿಗಾಲವಿಡೀ, ಸುಮಾರು 60 ಹುಡುಗರನ್ನು ಕರೆದುಕೊಂಡು ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಗಾನ್ಸುವಿನ ಶಾನ್‌ದಾನ್‌ಗೆ ಮುಟ್ಟಿಸಿದ. ಮಾರನೆಯ ಜುಲೈನಲ್ಲಿ ಹುಡುಗರ ಜೊತೆ ಬ್ಯಾಸ್ಕೆಟ್‌ಬಾಲ್ ಆಡುವಾಗ ಕಾಲ್ಬೆರಳು ಎಡವಿತು. ಧನುರ್ವಾಯು. ಮದ್ದು ಬರುವ ಮೊದಲೇ ಮುಗಿದುಹೋಯಿತು. 30 ವರ್ಷ.

ನಾನು 34 ವರ್ಷ ಹಳ್ಳಿ ಶಾಲೆಯಲ್ಲಿದ್ದವನು. ಈ ಎಡವಿದ ಬೆರಳಿನ ಮಾತು ಬಂದಾಗಲೆಲ್ಲ ಯಾಕೋ ಗಂಟಲು ಕಟ್ಟುತ್ತದೆ.

ಒಗ್ಗರಣೆ

ಎಲ್ಲರೂ ಯುದ್ಧಕಾಲದ ಪುಣ್ಯಾತ್ಮರನ್ನೇ ಹೇಳುತ್ತಿದ್ದೀರಿ. ಸತ್ತವರನ್ನು ಊರು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಬದುಕಿ ಉಳಿದವರ ಪಾಡೇನು? ಡೇವಿಡ್ ಮತ್ತು ಇಸಾಬೆಲ್ ಕ್ರೂಕ್ ದಂಪತಿ 1947ರಲ್ಲಿ ಇದೇ ಹೆಬೆಯ್ ಪ್ರಾಂತದ ಶಿಲಿದ್ಯಾನ್ ಹಳ್ಳಿಯಲ್ಲಿ ಕೂತು ಭೂಸುಧಾರಣೆ ಹೇಗೆ ನಡೆಯಿತು ಎಂದು ಮನೆಮನೆಯ ಲೆಕ್ಕ ಬರೆದವರು. ಅಲ್ಲೇ ಉಳಿದು ಇಂಗ್ಲಿಷ್ ಕಲಿಸಿದರು. ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಡೇವಿಡ್‌ಗೆ ಸಿಕ್ಕ ಮುಯ್ಯಿ: ಗೂಢಚಾರ ಎಂದು ಐದು ವರ್ಷ ಜೈಲು.

ನಿವೃತ್ತ ಮೇಷ್ಟರು

ಪೂರ್ತಿ ಹೇಳಿ. ಡೇವಿಡ್ ಕ್ರೂಕ್ ಸ್ಪೇನ್‌ನಲ್ಲಿ ಸೋವಿಯತ್ ಪರ ಗೂಢಚಾರಿಕೆ ಮಾಡಿದ್ದು ನಿಜ, ಮುಂದೆ ತಾನೇ ಒಪ್ಪಿಕೊಂಡರು. ಚೀನಾದಲ್ಲಿ ಜೈಲಾದದ್ದು ಸುಳ್ಳು ಆರೋಪಕ್ಕೆ, ಆಮೇಲೆ ದೋಷಮುಕ್ತರೂ ಆದರು. ಇನ್ನು ಇಸಾಬೆಲ್ ಅವರನ್ನು ವಿದೇಶಿ ಎನ್ನುವುದೇ ಕಷ್ಟ, ಮಿಷನರಿ ದಂಪತಿಯ ಮಗಳಾಗಿ 1915ರಲ್ಲಿ ಹುಟ್ಟಿದ್ದೇ ಚೆಂಗ್ಡುವಿನಲ್ಲಿ. ಗಂಡ ಜೈಲಿನಿಂದ ಬಂದ ಮೇಲೂ ದೇಶ ಬಿಡಲಿಲ್ಲ. 2023ರಲ್ಲಿ, 107ನೆಯ ವಯಸ್ಸಿನಲ್ಲಿ, ಬೀಜಿಂಗ್‌ನಲ್ಲೇ ತೀರಿಕೊಂಡರು.

ಒಗ್ಗರಣೆ

ಸರಿ ಮೇಷ್ಟರೇ, ಅರ್ಧ ಅಂಕ ಕಳೆಯಿರಿ. ಆದರೆ ಊರು ಒಪ್ಪಿದರೂ ಸರ್ಕಾರ ಒಪ್ಪಬೇಕಲ್ಲ ಎಂಬ ಮಾತು ಉಳಿಯಿತು.

ಯಿವು ವ್ಯಾಪಾರಿ

ಸರ್ಕಾರ ಎಂದಾಗ ನೆನಪಾಯಿತು. ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು. ಮೊದಲು ಹಳ್ಳಿಗಳಿಗೆ 72 ಗಂಟೆ ಇತ್ತು, 2013ರ ಕಾನೂನು ಬಂದ ಮೇಲೆ ಎಲ್ಲರಿಗೂ ಒಂದೇ. ನಾನೊಮ್ಮೆ ಮರೆತು ಮೂರನೆಯ ದಿನ ಹೋದೆ. ಠಾಣೆಯಲ್ಲಿದ್ದವನು ನನಗೆ ಒಂದು ಮಾತೂ ಅನ್ನಲಿಲ್ಲ, ಮನೆಯೊಡತಿಗೆ ಅರ್ಧ ಗಂಟೆ ಪಾಠ ಹೇಳಿದ. ನನ್ನ ತಪ್ಪಿಗೆ ಆ ತಾಯಿ ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನಾಚಿಕೆಯಾಯಿತು. ನೀವು ಇದನ್ನು ಮರೆಯಬೇಡಿ, ಲಕೋಟೆ ಮರೆತರೂ ಪರವಾಗಿಲ್ಲ.

ಕಾಫಿ ತೋಟದ ಅಕ್ಕ

ಅಲ್ಲಿ ಹುಡುಗನ ಕಡೆಯವರೇ ಹುಡುಗಿಗೆ ಹಣ ಕೊಡಬೇಕಂತೆ, ನಿಜವೇ?

ತಿಪಟೂರಿನಿಂದ ತಿಯಾಂಜಿನ್‌ಗೆ

ನಿಜ ಅಕ್ಕ. ‘ಚೈಲಿ’ ಎನ್ನುತ್ತಾರೆ, ನಮ್ಮ ಹಿಂದಿನವರ ತೆರ ಇದ್ದಂತೆ. ಒಂದೇ ಮಗು ಎಂಬ ನೀತಿಯ ಕಾಲದಲ್ಲಿ ಗಂಡೇ ಬೇಕೆಂದವರು ಹೆಚ್ಚಾಗಿ ಈಗ ಹಳ್ಳಿಗಳಲ್ಲಿ ಹೆಣ್ಣು ಸಿಗುವುದು ಕಷ್ಟ. ಸಹೋದ್ಯೋಗಿಯ ಅಪ್ಪ ಎರಡು ವರ್ಷದಿಂದ ಕಟ್ಟಡದ ಕೆಲಸಕ್ಕೆ ಹೋಗಿ ಕೂಡಿಸಿದ್ದಾರೆ. ಅದನ್ನು ನೋಡಿದ ಮೇಲೆಯೇ ನನಗೆ ಏನಾದರೂ ಹಾಕಲೇಬೇಕು ಎನಿಸಿದ್ದು.

ಕಾಫಿ ತೋಟದ ಅಕ್ಕ

ಹಾಗಿದ್ದರೆ ನನ್ನ ಮಾತು ಕೇಳಿ. ದೊಡ್ಡ ಮೊತ್ತ ಹಾಕಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಅಕ್ಕಪಕ್ಕದವರು ಎಷ್ಟು ಹಾಕುತ್ತಾರೆ ಎಂದು ಮನೆಯ ಹೆಂಗಸರನ್ನು ಮೆಲ್ಲಗೆ ಕೇಳಿ, ಗಂಡಸರು ನಿಜ ಹೇಳುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹಾಕಿ. ಎರಡು ಮೆಟ್ಟಿಲಲ್ಲ.

ಹಳೆಯ ಗುಮಾಸ್ತ

ಅಕ್ಕನವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಮುಯ್ಯಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದುಕೊಳ್ಳುವುದಿಲ್ಲ, ನೋಡಿ.

*(ಐದು ವಾರಗಳ ನಂತರ)*

ತಿಪಟೂರಿನಿಂದ ತಿಯಾಂಜಿನ್‌ಗೆ

ಹೋಗಿ ಬಂದೆ. ಮೊದಲು ಠಾಣೆಗೆ ಹೋದೆ, ವ್ಯಾಪಾರಿಗಳಿಗೆ ವಂದನೆ.

ಅಕ್ಕ, ನೀವು ಹೇಳಿದಂತೆ ಸಹೋದ್ಯೋಗಿಯ ಚಿಕ್ಕಮ್ಮನನ್ನು ಕೇಳಿದೆ. ನೆರೆಯವರು 200, ಹತ್ತಿರದ ನಂಟರು ಹೆಚ್ಚು ಎಂದರು. ನಾನು 600 ಇಟ್ಟೆ. ಇದು ಒಂದು ಮೆಟ್ಟಿಲೋ ಎರಡೋ ನೀವೇ ಹೇಳಿ.

ಬೆಳಿಗ್ಗೆ ಪಟಾಕಿಯ ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಹೊಸ ಹಾಸಿಗೆಯ ಮೇಲೆ ಖರ್ಜೂರದಂಥ ಕೆಂಪು ಹಣ್ಣು, ಕಡಲೆಕಾಯಿ ಚೆಲ್ಲಿದ್ದರು, ಬೇಗ ಮಗುವಾಗಲಿ ಎಂಬ ಮಾತು ಆ ಹೆಸರುಗಳಲ್ಲೇ ಅಡಗಿದೆಯಂತೆ. ನಮ್ಮ ಉಡಿ ತುಂಬುವುದು ನೆನಪಾಯಿತು. ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕ, ಹಿಂದೆ ಕುಂಚ ಹಿಡಿದ ಅಜ್ಜ. ನನ್ನ ಲಕೋಟೆ ನೋಡಿ ಸಹೋದ್ಯೋಗಿ ಬೇಡ ಬೇಡ ಎಂದು ಕೈ ಅಡ್ಡ ತಂದ. ಅಜ್ಜ ಅವನ ಕಡೆ ನೋಡಲೇ ಇಲ್ಲ. ಲಕೋಟೆ ಬಿಚ್ಚಿದರು, ಎಣಿಸಿದರು, ಹೆಸರು ಕೇಳಿದರು. ಕಚೇರಿಯವರು ಇಟ್ಟ ಚೀನೀ ಹೆಸರು ಹೇಳಿದೆ. ಬರೆದರು. ಗುಮಾಸ್ತರೇ, ಪಟ ತೆಗೆದು ಕಳಿಸಲೇ?

ಇಲ್ಲಿಗೆ ಮುಗಿಯಲಿಲ್ಲ. ಹಿಂದಿನ ರಾತ್ರಿ ತಿಪಟೂರಿನಿಂದ ಅಮ್ಮ ಫೋನಿನಲ್ಲಿ ‘ಒಂದು ರೂಪಾಯಿ ಸೇರಿಸದೆ ಕೊಡಬೇಡ’ ಎಂದು ಹಟ ಹಿಡಿದಿದ್ದರು. ಬಾಲು ಅವರೇ, ನೀವು ಒಬ್ಬರೇ ಅಲ್ಲ. ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದು ರೂಪಾಯಿ ನಾಣ್ಯವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ, ಕೊಡುವ ಯೋಚನೆ ಇರಲಿಲ್ಲ. ಊಟದ ಹೊತ್ತಿಗೆ ಮನೆಯ ಅಜ್ಜಿಗೆ ತೋರಿಸಿ, ನಮ್ಮಲ್ಲಿ ಹೀಗೆ ಎಂದು ವಿವರಿಸಿದೆ. ಅವರು ಅದನ್ನು ತೆಗೆದುಕೊಂಡು ನೇರವಾಗಿ ಕುಂಚದ ಅಜ್ಜನ ಬಳಿಗೆ ಹೋದರು. ಅಜ್ಜ ಸುತಾರಾಂ ಒಪ್ಪಲಿಲ್ಲ, 601 ಎಂದು ಮದುವೆಯ ಪುಸ್ತಕದಲ್ಲಿ ಬರೆಯುವ ಕೈ ತನ್ನದಲ್ಲ ಎಂದರು. ಇಬ್ಬರಿಗೂ ಜೋರು ಮಾತು. ಆ ಊರಿನ ಮಾತು ನನಗೆ ಅರ್ಧವೂ ತಿಳಿಯುವುದಿಲ್ಲ. ಕೊನೆಗೆ ಅಜ್ಜಿ ನಾಣ್ಯವನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇದು ಈಗ ಒಂಟಿ, ಮುಂದಿನ ಸಲ ಇದಕ್ಕೊಂದು ಜೋಡಿ ತಂದುಕೊಡು, ಆಮೇಲೆ ಬರೆಸುತ್ತೇನೆ ಎಂದು ಸಹೋದ್ಯೋಗಿಯ ಮೂಲಕ ಹೇಳಿಸಿದರು.

ನನ್ನ ಬಳಿ ಇನ್ನೊಂದು ನಾಣ್ಯವಿಲ್ಲ. ತಿಯಾಂಜಿನ್ ಕಡೆ ಬರುವವರು ಯಾರಾದರೂ ಇದ್ದೀರಾ?

ಹಳೆಯ ಗುಮಾಸ್ತ

ಪಟ ಕಳಿಸಿ.

ಬಸವನಗುಡಿ ಬಾಲು

ಜನವರಿಯಲ್ಲಿ ನನ್ನ ಷಡ್ಡಕ ಬರುತ್ತಿದ್ದಾನೆ. ಎರಡು ಕಳಿಸುತ್ತೇನೆ, ಒಂದು ಕಳೆದುಹೋದರೂ ಇರಲಿ.

ಯಿವು ವ್ಯಾಪಾರಿ

ಎರಡನ್ನೂ ಕೊಟ್ಟುಬಿಟ್ಟರೆ ಮತ್ತೆ ಮೂರಾಗುತ್ತದೆ, ಎಚ್ಚರ.